ತೊಟ್ಟಿಲ ಬಟ್ಟೆಗೆ ನುಸಿಗುಳಿಗೆ ಬೇಡ

ಮನೆಗೆ ಪಾಪು ಬಂತು ಅಂದ್ರೆ ಟ್ರಂಕ್‌ನಲ್ಲಿ ಎತ್ತಿಟ್ಟಿದ್ದ ಕುಲಾವಿ, ಹಳೇ ಹತ್ತಿ ಸೀರೆ, ಕೌದಿ ಎಲ್ಲಾ ಹೊರಗೆ ಬರುತ್ತವೆ. ಜೊತೆಗೆ ನುಸಿಗುಳಿಗೆಯ ಘಾಟೂ ಬರುತ್ತೆ. ನಮಗೆ ಅದು ಬರೀ ವಾಸನೆ. ಕೆಲವು ಮಕ್ಕಳಿಗೆ ರಕ್ತಕಣಗಳನ್ನೇ ಒಡೆಯುವ ವಿಷ.

ಹೇಗೆ ಅಂತೀರಾ? ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅಗಲ 7-8 ಮೈಕ್ರೋಮೀಟರ್. ತನಗಿಂತ ಕಿರಿದಾದ ನಾಳದಲ್ಲೂ ಅದು ಬಳುಕಿ ನುಸುಳುತ್ತೆ. ಆದರೆ ತಾನು ಹೊರುವ ಆಮ್ಲಜನಕದಿಂದಲೇ ಅದಕ್ಕೆ ಅಪಾಯವೂ ಇದೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಒಳಗಿನ ಹಿಮೋಗ್ಲೋಬಿನ್ ಕೆಡಬಹುದು. ಇದೇ ಆಕ್ಸಿಡೇಟಿವ್ ಸ್ಟ್ರೆಸ್. ಇದನ್ನು ತಡೆಯೋದು ಗ್ಲುಟಥಯೋನ್. ಅದನ್ನು ಮತ್ತೆ ಮತ್ತೆ ಸಜ್ಜುಗೊಳಿಸಲು ಜಿ6ಪಿಡಿ ಎಂಬ ಕಿಣ್ವ ಬೇಕು.

ಹುಟ್ಟಿನಿಂದಲೇ ಈ ಕಿಣ್ವದ ಕೊರತೆ ಇರುವವರು ಜಗತ್ತಿನಲ್ಲಿ ಸುಮಾರು 40 ಕೋಟಿ. ಬಹುತೇಕರಿಗೆ ಅದು ಗೊತ್ತೇ ಇರಲ್ಲ, ಆರಾಮಾಗಿರ್ತಾರೆ. ನುಸಿಗುಳಿಗೆಯ ನ್ಯಾಫ್ತಲೀನ್, ವೈವಾಕ್ಸ್ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ, ಮೆಡಿಟರೇನಿಯನ್ ಕಡೆಯ ಫಾವಾ ಕಾಳು (ನಮ್ಮ ಅವರೆಕಾಳಲ್ಲ) ಮೈ ಸೇರಿದಾಗಲೇ ತೊಂದರೆ ಶುರು. ಹಿಮೋಗ್ಲೋಬಿನ್ ಗಂಟುಗಟ್ಟಿ ಕಣದ ಪೊರೆಗೆ ಅಂಟುತ್ತೆ, ಪೊರೆ ಬಿರುಸಾಗುತ್ತೆ. ಬಳುಕಲಾರದ ಕಣಗಳನ್ನು ಗುಲ್ಮ ತಡೆದು ನಾಶಮಾಡುತ್ತೆ. ಕೆಲವು ರಕ್ತನಾಳದಲ್ಲೇ ಒಡೆಯುತ್ತವೆ. ಆಗ ಸುಸ್ತು, ಏದುಸಿರು, ಹಳದಿ ಕಣ್ಣು, ಡಿಕಾಕ್ಷನ್ ಬಣ್ಣದ ಮೂತ್ರ. ಹಸುಗೂಸಿಗೆ ಕಾಮಾಲೆ ವಿಪರೀತವಾದರೆ ಮಿದುಳಿಗೂ ಹಾನಿ.

ಹಾಗಾಗಿ ಮಗುವಿನ ಬಟ್ಟೆಯನ್ನು ಒಗೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿಡಿ. ಗುಳಿಗೆ ಬೇಡವೇ ಬೇಡ. ಘಾಟು ಹೋಗದ ಬಟ್ಟೆಯನ್ನು ಮಗುವಿಗೆ ಹಾಕಬೇಡಿ, ಹೊದಿಸಲೂಬೇಡಿ.

ಪ್ರೈಮಾಕ್ವಿನ್ ಬರೆದುಕೊಟ್ಟರೆ, "ಜಿ6ಪಿಡಿ ಟೆಸ್ಟ್ ಬೇಕಾ ಡಾಕ್ಟ್ರೇ?" ಅಂತ ಕೇಳಿ. ನೀವಾಗಿಯೇ ಮಾತ್ರೆ ಬಿಡಬೇಡಿ, ಅರ್ಧಕ್ಕೆ ಬಿಟ್ಟರೆ ಮಲೇರಿಯಾ ಮರುಕಳಿಸಬಹುದು. ಮಾತ್ರೆ ಶುರುವಾದ ಮೇಲೆ ಮೂತ್ರ ಕಪ್ಪಾದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಏನು ನುಂಗಿದ್ದೀರಿ ಅಂತ ಹೇಳಿ.

ಇನ್ನೊಂದು ಮಾತು. ರಕ್ತಕಣ ಒಡೆಯುತ್ತಿರುವಾಗಲೇ ಟೆಸ್ಟ್ ಮಾಡಿದರೆ ಕೊರತೆ ಇದ್ದರೂ ರಿಪೋರ್ಟ್ ನಾರ್ಮಲ್ ಅಂತ ಬರಬಹುದು. ಕಿಣ್ವ ಕಡಿಮೆಯಿದ್ದ ಹಳೇ ಕಣಗಳು ಅಷ್ಟರಲ್ಲಿ ಒಡೆದು, ಹೊಸವು ಉಳಿದಿರುತ್ತವೆ. ಅನುಮಾನವಿದ್ದರೆ ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು.

ಇದರ ಜೀನ್ ಇರೋದು ಎಕ್ಸ್ ಕ್ರೋಮೋಸೋಮ್‌ನಲ್ಲಿ. ಗಂಡುಮಕ್ಕಳಿಗೆ ಅದು ಬರೋದು ತಾಯಿಯಿಂದ. ಮಗುವಿನ ಸೋದರಮಾವನಿಗೆ ಯಾವತ್ತಾದರೂ ಮಾತ್ರೆ ನುಂಗಿ ಕಾಮಾಲೆ ಆಗಿತ್ತಾ? ಅಮ್ಮನ್ನ ಕೇಳಿ, ಮಕ್ಕಳ ಡಾಕ್ಟರಿಗೆ ತಿಳಿಸಿ.