ಯಾವ ದೇಶದವನೋ?

ಅಪ್ಸರಕೊಂಡದ ಜಲಪಾತದ ಕೆಳಗೆ ಹುಡುಗರ ವಾದ ಕೇಳಿದೆ: 2011ರ ‘ಪರಮಾತ್ಮ’ದ ಪ್ರಶಾಂತ್ ಸಿದ್ದಿ ಆಫ್ರಿಕಾದವನಾ? ಅಲ್ಲ ಮಾರಾಯ್ರೇ! ಇದೇ ಉತ್ತರ ಕನ್ನಡದವರು, ನೀನಾಸಂನಲ್ಲಿ ಪಳಗಿದವರು.

ಪೋರ್ಚುಗೀಸರು ಹಡಗಿನಲ್ಲಿ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು ಯಲ್ಲಾಪುರ, ಹಳಿಯಾಳದ ಕಾಡು ಸೇರಿದರು. ಕಾಡು ಸಾಕಿತು, ಊರು ಮಾತ್ರ ಇಂದಿಗೂ ‘ಯಾವ ದೇಶ?’ ಅನ್ನುತ್ತೆ.

ಎಂಬತ್ತರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಅಂತ ಸಿದ್ದಿಗಳಿಂದಲೇ ಆಡಿಸಿದರು. ಹೆತ್ತ ನಾಡಿನ ಕತೆ, ಸಾಕಿದ ನುಡಿಯಲ್ಲಿ! 2021ರ ‘ಸಲಗ’ದಲ್ಲಿ ಸಿದ್ದಿ ಗಾಯಕರ ಹಾಡಿಗೆ ನೀವೇ ಶಿಳ್ಳೆ ಹೊಡೆದಿರಿ. ಬರೀ ಹಾಡು, ಹಾಸ್ಯ ಸಾಕೇನ್ರಪ್ಪಾ? ಸಿದ್ದಿ ನಟನಿಗೆ ಹೀರೋನ ಒಡಹುಟ್ಟಿದ ಅಣ್ಣನ ಪಾತ್ರ ಕೊಡೋ ಡೈರೆಕ್ಟರಿಗಾಗಿ ನಾನು ಕಾಯ್ತಿದ್ದೇನೆ.