ಅದು ಸುಕಿಯಾಕಿ ಅಲ್ಲ ಸ್ವಾಮೀ!

ಪಶ್ಚಾತ್ತಾಪ ಕಾಡುವಾಗ ಕೇಳೋಕೆ ಜಪಾನಿ ಹಾಡು ಯಾವುದು ಅಂದ್ರೆ, ತಿಳಿದವರೂ 'ಸುಕಿಯಾಕಿ' ಅಂತಾರೆ. ಅಲ್ಲಾ, ಸುಕಿಯಾಕಿ ಅಂದ್ರೆ ದನದ ಮಾಂಸದ ಅಡುಗೆ! ಹಾಡಿನ ಹೆಸರು 'ಉಎ ಓ ಮುಯಿತೆ ಅರುಕೋ', ಮೇಲೆ ನೋಡುತ್ತ ನಡೆಯೋಣ ಅಂತ. 1961ರಲ್ಲಿ ಕ್ಯೂ ಸಕಮೋತೊ ಹಾಡಿದ್ದು.

ಬರೀ ಪ್ರೇಮಭಗ್ನರ ಗೋಳು ಅನ್ನೋದೂ ತಪ್ಪು. ಅಮೆರಿಕದ ಜೊತೆಗಿನ ಭದ್ರತಾ ಒಪ್ಪಂದದ ವಿರುದ್ಧದ ಚಳವಳಿ 1960ರಲ್ಲಿ ಸೋತಾಗ, ಆ ನೋವಲ್ಲಿ ರೊಕುಸುಕೆ ಎಯ್ ಬರೆದದ್ದು. ಅದೇ ಅಮೆರಿಕದಲ್ಲಿ 1963ರಲ್ಲಿ ನಂಬರ್ ಒನ್ ಆಯ್ತು, ಅಡುಗೆಯ ಹೆಸರಲ್ಲಿ!

ನಾಲಿಗೆ ಹೊರಳಲ್ಲ ಅನ್ನೋದು ಬರೀ ನೆಪ. ಮುಂಬೈಯಲ್ಲಿ ಮೂವತ್ತು ವರ್ಷ 'ಮದ್ರಾಸಿ' ಅನ್ನಿಸಿಕೊಂಡವನಿಗೆ ಅದು ಗೊತ್ತು. ಒಮ್ಮೆಯೂ ತಿದ್ದದೆ ನಕ್ಕು ಸುಮ್ಮನಾದೆನಲ್ಲ... ಈಗ ರಾತ್ರಿ ಆ ಹಾಡು ಹಾಕಿಕೊಳ್ಳೋದು ಅದಕ್ಕೇ.