ಉಪ್ಪು ಚೆಲ್ಲುವುದು ನಗರ, ನೀರು ಕುಡಿಯುವುದು ಸೈಕಲ್!

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ನಮ್ಮ ಗಾದೆ. ಉತ್ತರ ಯುರೋಪಿನ ನಗರಗಳಲ್ಲಿ ಚಳಿಗಾಲ ಬಂತೆಂದರೆ ಈ ಗಾದೆ ತಲೆಕೆಳಗಾಗುತ್ತದೆ. ಅಲ್ಲಿ ರಸ್ತೆಗೆ ಉಪ್ಪು ಸುರಿಯುವುದು ನಗರಾಡಳಿತ; ಅದರ ಫಲ ಉಣ್ಣುವುದು ಮಾತ್ರ ಸೈಕಲ್ ಸವಾರ.

ಉನ್ನತ ವ್ಯಾಸಂಗಕ್ಕೆಂದು ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳಿಗೆ ತೆರಳುವ ಕನ್ನಡಿಗ ವಿದ್ಯಾರ್ಥಿಗಳಲ್ಲಿ ಅನೇಕರು ಅಲ್ಲಿಗೆ ಹೋದ ಹೊಸದರಲ್ಲೇ ಬಳಸಿದ ಸೈಕಲ್ಲೊಂದನ್ನು ಕೊಳ್ಳುತ್ತಾರೆ. ಬಸ್ಸಿನ ಖರ್ಚು ಉಳಿಯುತ್ತದೆ, ಪ್ರತ್ಯೇಕ ಪಥವಿದೆ, ಸಂಚಾರ ಸುರಕ್ಷಿತ. ಸೆಪ್ಟೆಂಬರ್‌ನಲ್ಲಿ ಎಲ್ಲವೂ ಸುಗಮ. ನವೆಂಬರ್ ಕಳೆದು ಹಿಮ ಬೀಳತೊಡಗಿದಾಗ ಕಥೆಯೇ ಬೇರೆ. ಆರೈಕೆಯಿಲ್ಲದೆ ಓಡಿದ ಸೈಕಲ್ಲಿನ ಚೈನು ಮಾರ್ಚ್ ವೇಳೆಗೆ ಕಂದುಬಣ್ಣಕ್ಕೆ ತಿರುಗಿ ಬಿಗಿದುಕೊಂಡಿರುತ್ತದೆ. ಬ್ರೇಕ್ ಕೇಬಲ್ ಸರಿಯುವುದಿಲ್ಲ, ಹಲ್ಲುಚಕ್ರಗಳು ಸವೆದಿರುತ್ತವೆ. ದುರಸ್ತಿಗೆ ಕೊಟ್ಟರೆ ಸೈಕಲ್ ಕೊಂಡ ಬೆಲೆಯನ್ನೂ ಮೀರುವ ವೆಚ್ಚ!

2024ರ ಏಪ್ರಿಲ್ 3ರಂದು ಯುರೋಪಿಯನ್ ಸಂಸತ್ತು, ಸಚಿವರ ಮಂಡಳಿ ಹಾಗೂ ಆಯೋಗ ಒಟ್ಟಾಗಿ 'ಸೈಕ್ಲಿಂಗ್ ಕುರಿತ ಯುರೋಪಿಯನ್ ಘೋಷಣೆ'ಗೆ ಸಹಿ ಹಾಕಿದವು. ಮಾಲಿನ್ಯರಹಿತವೂ ಮಿತವ್ಯಯದ್ದೂ ಆದ ಸಂಚಾರ ಸಾಧನವೆಂದು ಸೈಕಲ್ಲನ್ನು ಅಲ್ಲಿ ಎತ್ತಿಹಿಡಿಯಲಾಗಿದೆ. ಇಂಥ ಘೋಷಣೆಗಳ ನಿಜವಾದ ಪರೀಕ್ಷೆ ನಡೆಯುವುದು ಬೇಸಿಗೆಯಲ್ಲಲ್ಲ, ಜನವರಿಯ ಮುಂಜಾನೆ. ಚಳಿಗಾಲದ ರಸ್ತೆಯಿಂದ ಸೈಕಲ್ಲಿಗೆ ಆಗುವ ಹಾನಿಯನ್ನು ಭರಿಸಬೇಕಾದವರು ಯಾರು, ಸವಾರನೋ ಅಥವಾ ರಸ್ತೆಯ ಒಡೆತನವುಳ್ಳ ನಗರಾಡಳಿತವೋ? ಮೇಲ್ನೋಟಕ್ಕೆ ಚಿಕ್ಕದೆನಿಸುವ ಈ ಪ್ರಶ್ನೆಯಲ್ಲಿ ನಗರ ಸಾರಿಗೆಯ ದೊಡ್ಡ ರಾಜಕಾರಣವೇ ಅಡಗಿದೆ.

ಶೂನ್ಯದ ಆಸುಪಾಸಿನ ಸಂಕಟ

ಸಾಮಾನ್ಯ ಕಲ್ಪನೆಗೆ ವಿರುದ್ಧವಾಗಿ, ಸೈಕಲ್ ಸವಾರನಿಗೆ ಕಡುಚಳಿಗಿಂತ ಅರೆಚಳಿಯೇ ಹೆಚ್ಚು ಅಪಾಯಕಾರಿ. ಉಷ್ಣಾಂಶ ಮೈನಸ್ 15 ಡಿಗ್ರಿಯಲ್ಲಿ ಸ್ಥಿರವಾಗಿದ್ದರೆ ರಸ್ತೆಯ ಮೇಲಿನ ಹಿಮ ಒಣಗಿ ಗಟ್ಟಿಯಾಗುತ್ತದೆ, ಟೈರಿಗೆ ಹಿಡಿತ ಸಿಗುತ್ತದೆ. ಹಗಲಿನಲ್ಲಿ 2 ಡಿಗ್ರಿಗೆ ಏರಿ ರಾತ್ರಿ ಮೈನಸ್ 3ಕ್ಕೆ ಇಳಿದರೆ ಹಗಲು ಕರಗಿದ ನೀರು ಇರುಳಿನಲ್ಲಿ ಗಾಜಿನಂಥ ಮಂಜುಗಡ್ಡೆಯಾಗುತ್ತದೆ. ಮರುದಿನ ಬೆಳಿಗ್ಗೆ ಅದರ ಮೇಲೆ ಕಾಲೂ ನಿಲ್ಲದು, ಚಕ್ರವೂ ನಿಲ್ಲದು.

ರಸ್ತೆಯನ್ನು ಒಡೆಯುವುದೂ ಇದೇ ಏರಿಳಿತ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಡಾಂಬರಿನ ಬಿರುಕಿಗೆ ಇಳಿದ ನೀರು ಹೀಗೆ ಮತ್ತೆ ಮತ್ತೆ ಹಿಗ್ಗಿ ಕರಗಿದಂತೆ ಬಿರುಕು ಅಗಲವಾಗುತ್ತದೆ. ವಾಹನಗಳ ಭಾರ ಬಿದ್ದೊಡನೆ ಮೇಲ್ಪದರ ಕಿತ್ತು ಬರುತ್ತದೆ. ನಮ್ಮಲ್ಲಿ ಮಳೆಗಾಲ ಮಾಡುವ ಕೆಲಸವನ್ನು ಅಲ್ಲಿ ಚಳಿಗಾಲದ ಕೊನೆ ಮಾಡುತ್ತದೆ. ಹಿಮದಡಿ ಮುಚ್ಚಿಹೋದ ಗುಂಡಿ ಸವಾರನ ಕಣ್ಣಿಗೆ ಬೀಳುವುದಿಲ್ಲ. ರಿಮ್ ಬಾಗುವುದು, ಕಡ್ಡಿ ಮುರಿಯುವುದು, ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ಹರಿಯುವುದು, ಇವೆಲ್ಲ ಇದರ ಫಲ.

ಉಪ್ಪಿನ ಉಪಕಾರ, ಉಪ್ಪಿನ ಅಪಕಾರ

ಮಂಜುಗಡ್ಡೆಗೆ ಉಪ್ಪೇ ಅಗ್ಗದ ಮದ್ದು. ಅಡುಗೆ ಉಪ್ಪಿನ ಜಾತಿಯದೇ ಆದ ಸೋಡಿಯಂ ಕ್ಲೋರೈಡ್ ನೀರು ಹೆಪ್ಪುಗಟ್ಟುವ ಉಷ್ಣಾಂಶವನ್ನು ತಗ್ಗಿಸುತ್ತದೆ. ಮೈನಸ್ 10 ಡಿಗ್ರಿಯ ಆಸುಪಾಸಿನಿಂದ ಕೆಳಗೆ ಅದರ ಪ್ರಭಾವ ಬಹಳಷ್ಟು ಕುಗ್ಗುತ್ತದೆ. ಅಂದರೆ ಶೂನ್ಯದ ಆಸುಪಾಸಿನಲ್ಲಿ ತೂಗಾಡುವ ನಗರಗಳೇ ಉಪ್ಪನ್ನು ಹೆಚ್ಚು ಆಶ್ರಯಿಸುತ್ತವೆ.

ಇದೇ ಉಪ್ಪುನೀರು ಲೋಹಕ್ಕೆ ಶತ್ರು. ಕ್ಲೋರೈಡ್ ಅಂಶವು ಲೋಹದ ಮೇಲಿನ ತೆಳುವಾದ ರಕ್ಷಣಾ ಪದರವನ್ನು ಭೇದಿಸುತ್ತದೆ. ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿರುವ ಕಡೆ ಉಪ್ಪುನೀರು ಸೇರಿದರೆ ಎರಡೂ ಬೆಸೆದುಕೊಂಡಂತೆ ಕಚ್ಚಿಕೊಳ್ಳುತ್ತವೆ. ಮಲ್ಪೆ, ಕಾರವಾರದ ಕಡಲತಡಿಯ ಮನೆಗಳ ಕಿಟಕಿ ಸರಳುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಗಾಳಿಯಲ್ಲಿ ತೇಲಿ ಬರುವ ಉಪ್ಪು ವರ್ಷಗಟ್ಟಲೆ ಮಾಡುವ ಕೆಲಸವನ್ನು ಇಲ್ಲಿ ಚಕ್ರದಿಂದ ನೇರವಾಗಿ ಚೈನಿಗೆ ಚಿಮ್ಮುವ ಉಪ್ಪು ಒಂದೇ ಚಳಿಗಾಲದಲ್ಲಿ ಮಾಡಿ ಮುಗಿಸುತ್ತದೆ. ಕಾರಿನ ಯಂತ್ರಭಾಗಗಳು ಬಹುಪಾಲು ಮುಚ್ಚಿಕೊಂಡಿರುತ್ತವೆ. ಸೈಕಲ್ಲಿನ ಚೈನು, ಗೇರು, ಬ್ರೇಕುಗಳು ಮಾತ್ರ ರಸ್ತೆಯಿಂದ ಗೇಣುದೂರದಲ್ಲಿ ಬಯಲಾಗಿಯೇ ತಿರುಗುತ್ತವೆ.

ಊರಿಗೊಂದು ನೀತಿ

ಎಲ್ಲ ನಗರಗಳೂ ಒಂದೇ ದಾರಿ ಹಿಡಿದಿಲ್ಲ ಎಂಬುದು ಗಮನಾರ್ಹ. ಆರ್ಕ್ಟಿಕ್ ವೃತ್ತದಿಂದ 200 ಕಿ.ಮೀ.ಗೂ ಕಡಿಮೆ ದೂರದಲ್ಲಿರುವ ಫಿನ್ಲೆಂಡಿನ ಔಲು ನಗರವನ್ನೇ ನೋಡಿ. ಜನಸಂಖ್ಯೆ ಎರಡು ಲಕ್ಷದ ಆಸುಪಾಸು. 2026ನೇ ಸಾಲಿನ ಯುರೋಪಿನ ಸಾಂಸ್ಕೃತಿಕ ರಾಜಧಾನಿಗಳಲ್ಲೊಂದಾಗಿ ಆಯ್ಕೆಯಾದ ಈ ಊರು, ಸೈಕಲ್ ಪ್ರಿಯರಿಗೆ ಅದಕ್ಕೂ ಮೊದಲೇ ಪರಿಚಿತ. ಮೊದಲ ಚಳಿಗಾಲದ ಸೈಕ್ಲಿಂಗ್ ಸಮ್ಮೇಳನ 2013ರಲ್ಲಿ ನಡೆದದ್ದು ಇಲ್ಲಿಯೇ. ಇಲ್ಲಿನ ಚಳಿ ದೀರ್ಘ ಮತ್ತು ಬಹುಮಟ್ಟಿಗೆ ಸ್ಥಿರ. ಆದ್ದರಿಂದ ಸೈಕಲ್ ಪಥಗಳಿಂದ ಹಿಮವನ್ನು ಪೂರ್ತಿ ತೆಗೆಯುವ ಬದಲು ಸಮತಟ್ಟಾಗಿ ಒತ್ತಿ, ಬೇಕಾದೆಡೆ ಜಲ್ಲಿಪುಡಿ ಉದುರಿಸುತ್ತಾರೆ. ಮುಖ್ಯ ಪಥಗಳನ್ನು ಜನ ಕೆಲಸಕ್ಕೆ ಹೊರಡುವ ಮುನ್ನವೇ ಹಸನುಗೊಳಿಸಲಾಗುತ್ತದೆ. ಉಪ್ಪಿನ ಕಾಟ ಕಡಿಮೆಯಾದ್ದರಿಂದ ಸೈಕಲ್ಲಿನ ಆಯುಸ್ಸೂ ಉಳಿಯುತ್ತದೆ. ಮಕ್ಕಳು ಮೈನಸ್ ಉಷ್ಣಾಂಶದಲ್ಲೂ ಸೈಕಲ್ಲಿನಲ್ಲೇ ಶಾಲೆಗೆ ಹೋಗುವುದು ಅಲ್ಲಿ ಸುದ್ದಿಯಲ್ಲ.

ಸ್ವೀಡನ್ನಿನ ಲಿಂಶೋಪಿಂಗ್ ನಗರದ ದಾರಿ ಬೇರೆ. ಅಲ್ಲಿ ಪ್ರಯೋಗಿಸಿ ಬೆಳೆಸಿದ ಪದ್ಧತಿಯಲ್ಲಿ ವಾಹನದ ಮುಂಭಾಗದ ತಿರುಗುವ ಪೊರಕೆ ಹಿಮವನ್ನು ಗುಡಿಸಿದರೆ, ಹಿಂಭಾಗದಿಂದ ಉಪ್ಪುನೀರು ಸಿಂಪಡಣೆಯಾಗುತ್ತದೆ. ನೆಲ ಬರಿದಾಗಿ ಕಾಣುತ್ತದೆ, ಜಾರುವ ಭಯ ತಗ್ಗುತ್ತದೆ. ಸ್ಟಾಕ್‌ಹೋಮ್ ಮತ್ತು ಹೆಲ್ಸಿಂಕಿ ನಗರಗಳೂ ಆಯ್ದ ಮಾರ್ಗಗಳಲ್ಲಿ ಇದನ್ನು ಅಳವಡಿಸಿಕೊಂಡಿವೆ. ವೆಚ್ಚ ಹೆಚ್ಚು, ಸೈಕಲ್ಲಿಗೆ ಉಪ್ಪು ತಗಲುವುದಂತೂ ತಪ್ಪದು. ಪೊಟ್ಯಾಸಿಯಂ ಫಾರ್ಮೇಟ್‌ನಂಥ ಪರ್ಯಾಯಗಳಿದ್ದರೂ ಬೆಲೆ ದುಬಾರಿ.

ಜಲ್ಲಿಪುಡಿಗೂ ತನ್ನದೇ ದೋಷವಿದೆ. ವಸಂತದಲ್ಲಿ ಹಿಮ ಕರಗಿದ ಮೇಲೆ ಚೂಪಾದ ಕಲ್ಲುಚೂರುಗಳು ಪಥದಲ್ಲೇ ಉಳಿದು ಟೈರುಗಳನ್ನು ಚುಚ್ಚುತ್ತವೆ. ಅವನ್ನು ಗುಡಿಸಿ ಮುಗಿಸುವವರೆಗೆ ಪಂಕ್ಚರ್ ತಪ್ಪಿದ್ದಲ್ಲ. ಒಟ್ಟಿನಲ್ಲಿ, ಸವಾರನ ಎಲುಬು ಉಳಿಸುವ ಮದ್ದು ಸೈಕಲ್ಲಿನ ಎಲುಬು ಮುರಿಯುತ್ತದೆ. ಎರಡರಲ್ಲಿ ಎಲುಬೇ ಮುಖ್ಯವೆಂಬುದರಲ್ಲಿ ತಕರಾರಿಲ್ಲ. ಆದರೆ ಸೈಕಲ್ಲಿನ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ದಾಖಲಾಗುವುದಿಲ್ಲ ಎಂಬುದೇ ತಕರಾರು.

ಸವಾರನ ಕೈಯಲ್ಲಿರುವುದು

ನೀತಿ ಬದಲಾಗುವವರೆಗೆ ಸವಾರ ಕೈಕಟ್ಟಿ ಕೂರುವಂತಿಲ್ಲ. ಹಾನಿಯ ಬಹುಪಾಲನ್ನು ಅಲ್ಪ ಖರ್ಚಿನಲ್ಲೇ ತಡೆಯಲು ಸಾಧ್ಯವಿದೆ. ಮೊದಲನೆಯದು ಉದ್ದನೆಯ ಮಡ್‌ಗಾರ್ಡ್. ಮುಂದಿನ ಚಕ್ರದ ಮಡ್‌ಗಾರ್ಡಿನ ಕೆಳಗೆ ರಬ್ಬರಿನ ಪಟ್ಟಿಯೊಂದನ್ನು ಇಳಿಬಿಟ್ಟರೆ ಚೈನಿಗೆ ಚಿಮ್ಮುವ ಉಪ್ಪುನೀರು ಬಹಳಷ್ಟು ತಗ್ಗುತ್ತದೆ. ಹೊಸದಾಗಿ ಸೈಕಲ್ ಕೊಳ್ಳುವವರು ಚೈನ್ ಕವರ್ ಇರುವ, ಗೇರುಗಳು ಹಿಂದಿನ ಚಕ್ರದ ಗುಂಬದೊಳಗೇ ಅಡಗಿರುವ ಮಾದರಿ ಆರಿಸಿಕೊಳ್ಳುವುದು ಲೇಸು.

ಎರಡನೆಯದು ತೊಳೆಯುವ ಕ್ರಮ. ಉಪ್ಪಿನ ರಸ್ತೆಯಲ್ಲಿ ಓಡಿಸಿದ ಸೈಕಲ್ಲನ್ನು ಹಾಗೆಯೇ ಬೆಚ್ಚನೆಯ ಕೋಣೆಗೆ ತಂದು ನಿಲ್ಲಿಸಿದರೆ ತೇವ ಮತ್ತು ಶಾಖ ಸೇರಿ ತುಕ್ಕು ಇನ್ನಷ್ಟು ವೇಗವಾಗುತ್ತದೆ. ಉಗುರುಬೆಚ್ಚಗಿನ ನೀರನ್ನು ಮೆಲ್ಲಗೆ ಸುರಿದು, ಬಟ್ಟೆಯಿಂದ ಒರೆಸಿ, ಚೈನಿಗೆ ಕೀಲೆಣ್ಣೆ ಹಾಕಿ, ಹೊರಭಾಗದ ಎಣ್ಣೆಯನ್ನು ಒರೆಸಿಬಿಡಬೇಕು. ರಭಸದ ನೀರಿನ ಪಂಪನ್ನು ಬೇರಿಂಗುಗಳತ್ತ ಹಿಡಿಯಲೇಬಾರದು. ಉಪ್ಪುನೀರು ಒಳನುಗ್ಗಿ ಗ್ರೀಸನ್ನು ಹೊರದೂಡುತ್ತದೆ. ಒದ್ದೆ ಆರುವ ಮುನ್ನ ಸೈಕಲ್ಲನ್ನು ಹೊರಗೆ ತಂದರೆ ಕೇಬಲ್ಲಿನೊಳಗಿನ ನೀರು ಹೆಪ್ಪುಗಟ್ಟಿ ಬ್ರೇಕ್ ಕೈಕೊಡಬಹುದು.

ಮೂರನೆಯದು ಚೈನಿನ ಅಳತೆ. ಹೊಸ ಚೈನಿನಲ್ಲಿ 12 ಜೋಡಿ ಕೊಂಡಿಗಳ ಉದ್ದ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದಾಗಲೇ ಚೈನು ಬದಲಿಸಿದರೆ ಹಲ್ಲುಚಕ್ರಗಳು ಉಳಿಯುತ್ತವೆ. ಎಂಟನೇ ಒಂದು ಭಾಗ ಹೆಚ್ಚುವವರೆಗೆ ಕಾದರೆ ಅವನ್ನೂ ಬದಲಿಸಬೇಕಾದೀತು. ರಿಮ್ಮನ್ನು ಹಿಡಿಯುವ ಬ್ರೇಕುಗಳಿದ್ದರೆ ಕಟ್ಟೆಗಳಲ್ಲಿ ಸಿಕ್ಕಿಕೊಂಡ ಮರಳನ್ನು ಆಗಾಗ ತೆಗೆಯಬೇಕು. ಇಲ್ಲವಾದರೆ ಅದು ಅರದಂತೆ ರಿಮ್ಮನ್ನು ಸವೆಸುತ್ತದೆ. ಚಳಿಗಾಲಕ್ಕೆ ಮುನ್ನ ಸೀಟಿನ ಲೋಹದ ಕಂಬವನ್ನು ಹೊರತೆಗೆದು ಗ್ರೀಸ್ ಸವರಿ ಕೂರಿಸಿದರೆ ಅದು ಚೌಕಟ್ಟಿಗೆ ಕಚ್ಚಿಕೊಳ್ಳದು.

ಮಂಜುಗಡ್ಡೆಗೆ ಗಟ್ಟಿ ಲೋಹದ ಮೊಳೆಗಳಿರುವ ಟೈರುಗಳೇ ಆಸರೆ. ಒಂದೇ ಟೈರು ಕೊಳ್ಳುವ ಶಕ್ತಿಯಿದ್ದರೆ ಅದನ್ನು ಮುಂದಿನ ಚಕ್ರಕ್ಕೆ ಹಾಕಬೇಕು. ಮುಂದಿನ ಚಕ್ರ ಜಾರಿದರೆ ಸವಾರನಿಗೆ ಸಾವರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ. ವಿದ್ಯುತ್ ಸೈಕಲ್ಲಿನ ಬ್ಯಾಟರಿಯನ್ನು ಕಳಚಿ ಒಳಗೆ ತರಬೇಕು. ಲಿಥಿಯಂ ಬ್ಯಾಟರಿಯನ್ನು ಶೂನ್ಯಕ್ಕಿಂತ ಕೆಳಗಿನ ಉಷ್ಣಾಂಶದಲ್ಲಿ ಚಾರ್ಜ್ ಮಾಡಿದರೆ ಶಾಶ್ವತ ಹಾನಿಯಾಗುವ ಸಂಭವವಿದೆ.

ಹೊರೆ ಯಾರ ಮೇಲೆ?

ಇಷ್ಟೆಲ್ಲ ಮಾಡಲು ಬೆಚ್ಚನೆಯ ನೀರು ಸಿಗುವ ಅಂಗಳ ಬೇಕು, ಸಮಯ ಬೇಕು, ಹಣ ಬೇಕು. ಉಳ್ಳವರು ಚಳಿಗಾಲಕ್ಕೆಂದೇ ಎರಡನೆಯ ಹಳೆಯ ಸೈಕಲ್ ಇಟ್ಟುಕೊಳ್ಳುತ್ತಾರೆ. ನಾಲ್ಕನೇ ಮಹಡಿಯ ಬಾಡಿಗೆ ಕೋಣೆಯ ವಿದ್ಯಾರ್ಥಿಗೆ ಆ ಅನುಕೂಲವಿಲ್ಲ. ಸ್ವಂತ ಸೈಕಲ್ಲಿನಲ್ಲಿ ಮನೆಮನೆಗೆ ಊಟ ತಲುಪಿಸುವ ವಲಸೆ ಕಾರ್ಮಿಕನ ಪಾಡು ಇನ್ನೂ ಕಷ್ಟ. ಉದ್ಯೋಗಿಯೆಂದು ಪರಿಗಣಿಸಲ್ಪಡದ ಕಡೆ ಚೈನಿನಿಂದ ಟೈರಿನವರೆಗೆ ಎಲ್ಲ ಖರ್ಚೂ ಅವನದೇ. ಹಿಮ ಹೆಚ್ಚಿದಷ್ಟೂ ಮನೆಯಲ್ಲೇ ಕುಳಿತು ಊಟ ತರಿಸಿಕೊಳ್ಳಬಯಸುವವರು ಇದ್ದೇ ಇರುತ್ತಾರೆ. ರಸ್ತೆ ಅತಿ ಕೆಟ್ಟಿರುವ ದಿನವೇ ಅವನು ಹೊರಗಿರಬೇಕು.

ಆದ್ದರಿಂದ ಮೊದಲು ಯಾವ ರಸ್ತೆಯ ಹಿಮ ತೆಗೆಯಬೇಕೆಂಬುದು ಕೇವಲ ತಾಂತ್ರಿಕ ವಿಚಾರವಲ್ಲ. ಸ್ವೀಡನ್ನಿನ ಕಾರ್ಲ್‌ಸ್ಕೂಗ ಪಟ್ಟಣ ಸುಮಾರು ಒಂದೂವರೆ ದಶಕದ ಹಿಂದೆ ಇದನ್ನು ಪರಿಶೀಲಿಸಿತು. ಹಿಮ ತೆಗೆಯುವ ವಾಹನಗಳು ಮೊದಲು ಹೆದ್ದಾರಿಗಳಿಗೆ, ಕಾರು ಓಡಿಸುವವರು ಹೆಚ್ಚಾಗಿ ಬಳಸುವ ಮಾರ್ಗಗಳಿಗೆ ಹೋಗುತ್ತಿದ್ದವು. ಮಹಿಳೆಯರು ಮತ್ತು ಮಕ್ಕಳು ಹೆಚ್ಚಾಗಿ ಬಳಸುವ ಕಾಲುದಾರಿ, ಸೈಕಲ್ ಪಥಗಳ ಸರದಿ ಕೊನೆಗೆ. ಪಟ್ಟಣ ಈ ಕ್ರಮವನ್ನೇ ತಿರುಗಿಸಿತು. ಕೆಲವು ಸೆಂಟಿಮೀಟರ್ ಹಿಮದಲ್ಲಿ ಕಾರು ಓಡೀತು. ಸೈಕಲ್ ಮತ್ತು ಮಗುವಿನ ತಳ್ಳುಗಾಡಿ ಓಡಲಾರವು ಎಂಬುದು ಸರಳ ತರ್ಕ. ಇಂಥದೇ ನೀತಿ ತಳೆದ ಸ್ಟಾಕ್‌ಹೋಮ್‌ನಲ್ಲಿ 2016ರ ನವೆಂಬರ್‌ನಲ್ಲಿ ಭಾರಿ ಹಿಮ ಸುರಿದು ಸಂಚಾರ ಅಸ್ತವ್ಯಸ್ತವಾದಾಗ ಟೀಕೆಗಳ ಸುರಿಮಳೆಯೇ ಆಯಿತು. ಆದರೆ ಒಂದು ದಿನದ ಅಸಾಧಾರಣ ಹಿಮಪಾತವನ್ನೇ ಮುಂದಿಟ್ಟು ಇಡೀ ತರ್ಕವನ್ನು ತಳ್ಳಿಹಾಕುವುದು ನ್ಯಾಯವೆನಿಸದು.

ನಮಗೇನು ಪಾಠ?

ಹಿಮವೇ ಬೀಳದ ಕರ್ನಾಟಕಕ್ಕೆ ಈ ಚರ್ಚೆ ಅಪ್ರಸ್ತುತವೇ? ಹಾಗೆನ್ನಲಾಗದು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಸೈಕಲ್ ಪಥ ಗುರುತಿಸಲಾಯಿತು. ಕೆಲಕಾಲದಲ್ಲೇ ಹಲವೆಡೆ ಕಂಬಗಳು ಮುರಿದವು, ದ್ವಿಚಕ್ರ ವಾಹನಗಳು ಒಳನುಗ್ಗಿದವು. 2006-07ರಿಂದ ಹಲವು ವರ್ಷ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳಿಗೆ ರಾಜ್ಯ ಸರ್ಕಾರ ಸೈಕಲ್ ವಿತರಿಸಿತು. ಶಾಲೆ ಬಿಡುವ ಮಕ್ಕಳನ್ನು ತಡೆಯುವ ದೃಷ್ಟಿಯಿಂದ ಅದು ಒಳ್ಳೆಯ ಹೆಜ್ಜೆಯೇ. ಆದರೆ ಮಳೆಗಾಲದ ಕೆಸರು ರಸ್ತೆಯಲ್ಲಿ ಆ ಸೈಕಲ್ಲನ್ನು ಕಾಪಾಡಿಕೊಳ್ಳುವ ಹೊಣೆ ಬಿದ್ದದ್ದು ಮಗುವಿನ ಮನೆಯ ಮೇಲೆ.

ಪಥ ನಿರ್ಮಿಸುವುದು, ಸೈಕಲ್ ಹಂಚುವುದು ಒಂದು ದಿನದ ಸಮಾರಂಭ. ಪಥವನ್ನು ವರ್ಷವಿಡೀ ಓಡಾಟಕ್ಕೆ ಯೋಗ್ಯವಾಗಿ ಇಡುವುದು ದಿನನಿತ್ಯದ ಕೆಲಸ; ಅದಕ್ಕೆ ಉದ್ಘಾಟನೆಯಿಲ್ಲ, ಹಾರ ತುರಾಯಿಗಳಿಲ್ಲ. ಔಲು ನಗರ ಗೆದ್ದಿರುವುದು ಈ ನೀರಸ ಕೆಲಸದಲ್ಲಿ. ಚೈನಿಗೆ ಎಣ್ಣೆ ಹಾಕುವುದು ಸವಾರನ ಕರ್ತವ್ಯ, ನಿಜ. ಆದರೆ ಸೈಕಲ್ ತುಳಿಯಿರಿ ಎಂದು ಜನರನ್ನು ಕರೆದ ಸರ್ಕಾರ, ಅವರು ತುಳಿಯುವ ರಸ್ತೆಯ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಉಪ್ಪು ಚೆಲ್ಲಿದವರೇ ನೀರಿನ ಲೆಕ್ಕವನ್ನೂ ಇಡಬೇಕು.